ಷರಾ

ಬ್ಯಾಂಕ್ ರಸ್ತೆಯ ಹಿಂದೆ, ಟೈಲರ್ ಅಂಗಡಿಯ ಮೇಲಿನ ಮಹಡಿ.
ಬಾಗಿಲಿಗೆ ಬೋರ್ಡಿಲ್ಲ. ಯಾರಾದರೂ ಕೇಳಿದರೆ
ಮೀನುಗಾರಿಕೆಯ ಅಂಕಿಅಂಶ ಅನ್ನಬೇಕು, ಅನ್ನುತ್ತೇನೆ.
ಹೆಂಡತಿಗೂ ಅದನ್ನೇ ಹೇಳಿ ಹನ್ನೊಂದು ವರ್ಷ.
ಅವಳು ಬಂಗುಡೆಯ ದರ ಕೇಳುತ್ತಾಳೆ;
ನಾನು ಮಾರ್ಕೆಟ್ಟಿನಲ್ಲಿ ವಿಚಾರಿಸಿಕೊಂಡೇ ಮನೆಗೆ ಹೋಗುತ್ತೇನೆ.

ಕಿವಿಗೆ ಹೆಡ್‌ಫೋನ್. ಎದುರಿಗೆ ಏಳು ಕಾಲಮ್ಮಿನ ಹಾಳೆ:
ಕ್ರಮಸಂಖ್ಯೆ, ತಾರೀಕು, ಯಾರಿಂದ, ಯಾರಿಗೆ,
ಭಾಷೆ, ಸಾರಾಂಶ,
ಕೊನೆಗೆ ಷರಾ.

ಅಮ್ಮನ ಜೊತೆ ಕನ್ನಡ, ಗೇರುಬೀಜದ ಶೆಡ್ಡಿನಲ್ಲಿ ತುಳು,
ಬಸ್ಸಿನಲ್ಲಿ ಮಲಯಾಳ, ಉಪ್ಪಳದ ಸೈಕಲ್ ಅಂಗಡಿಯಲ್ಲಿ ಉರ್ದು.
ಬ್ಯಾರಿ ಕಲಿತದ್ದು ಬೆಂಚಿನ ಜೊತೆಗಾರ ಅದ್ದುವಿನ ಬೈಗುಳಗಳಿಂದ.
ಕೊಂಕಣಿ, ಕೈಗೂಡದ ಒಂದು ಪ್ರೇಮದಿಂದ.
ಸಂದರ್ಶನಕ್ಕೆ ಬಂದ ದಿಲ್ಲಿಯ ಸಾಹೇಬರು ಬೆರಳು ಮಡಚಿ ಎಣಿಸಿ
ಆರಕ್ಕೆ ನಿಂತರು. ನಿಮ್ಮದು ಸಪ್ತಭಾಷೆಯ ಊರಲ್ಲವೇ, ಏಳನೆಯದು?
ಸುಮ್ಮನಿದ್ದೆ.
ಅದೇ ಬೇಕಾದ್ದು, ಎಂದು ಸಹಿ ಹಾಕಿದರು.

ಹೀಗೆ ಕಡಲಾಚೆಯ ಸರಕು ನನ್ನ ಕಿವಿಯೊಳಗಿಂದ ಹಾದುಹೋಗುತ್ತದೆ.
ದೋಹಾದವನು ಅಕ್ಕಿ ಎನ್ನುತ್ತಾನೆ, ಕೊಲಂಬೊದವನು ಸುಣ್ಣ,
ಮುಂಬಯಿಯವನಿಗೆ ಅದು ಮದುಮಗಳು.
ಅಕ್ಕಿಯ ಬಗ್ಗೆ ಯಾರೂ ಇಷ್ಟು ಪಿಸುಗುಟ್ಟುವುದಿಲ್ಲ.
ರೇಟು ಹೇಳುವಾಗ ಎಲ್ಲರೂ ಇಂಗ್ಲಿಷಿಗೆ ಜಾರುತ್ತಾರೆ,
ಬೈಯುವಾಗ, ಹಾಲು ಕುಡಿದ ಭಾಷೆಗೆ.

ಕ್ರಮಸಂಖ್ಯೆ ೪೧೧೮. ತುಳು. ಸೋಮವಾರ ರಾತ್ರಿ.
ಮೇಷ್ಟ್ರು ಎಂಬ ಗುಪ್ತನಾಮದವನ ಫೋನು ಒಮ್ಮೆ ಮುಟ್ಟಿದ
ಮೊಗ್ರಾಲಿನ ಒಂದು ನಂಬರು.
ತಾಯಿ ವಾರಿಜ. ಬೀಡಿ ಕಟ್ಟುವವಳು;
ಮಾತಿನ ನಡುನಡುವೆ ಎಲೆ ಕತ್ತರಿಸುವ ಸದ್ದು.
ಮಗ ತಿಲಕ, ಕಣ್ಣೂರಿನ ಲಾಡ್ಜಿನಲ್ಲಿ,
ಮೊದಲ ಸಲ ವಿಮಾನ ಹತ್ತುವವನು.
ಒಣಸ್ ಆಂಡಾ ಮಗಾ?
ಆಂಡ್.
ಏಜೆಂಟರ ಅಳಿಯ ಹಲ್ವದ ಪೊಟ್ಟಣ ಕೊಟ್ಟುಹೋದ,
ಅಲ್ಲಿರುವ ಅವನ ಭಾವನಿಗಂತೆ. ನಾಳೆ ತರುತ್ತೇನೆ.
ಭಾರ ಉಂಟಾ?
ಒಂದು ಕಿಲೊ ಇದ್ದೀತು. ಟಿಕೆಟ್ಟು ತೆಗೆಸಿಕೊಟ್ಟವರು,
ಬೇಡ ಅನ್ನಲಿಕ್ಕಾಗುತ್ತದಾ? ದಾರಿಯಲ್ಲಿ ನೀನೇ ತಿಂದು ಮುಗಿಸಬೇಡ.
ನಗು.

ಆ ನಗುವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ.
ಸುಳ್ಳು ನಗುವಿಗೊಂದು ತುದಿ ಇರುತ್ತದೆ,
ಹಲ್ಲಿನಲ್ಲಿ ಕಡಿದ ನೂಲಿನಂತೆ.
ಇದಕ್ಕೆ ಇರಲಿಲ್ಲ.
ಸಾರಾಂಶ: ತಾಯಿ, ಮಗ, ಊಟ, ತಿಂಡಿ.
ಷರಾ: ಹಲ್ವ ಅಂದರೆ ಹಲ್ವ. ಮುಂದೆ ಆಲಿಸುವ ಅಗತ್ಯವಿಲ್ಲ.

ಅವಳು ಸುಳ್ಳಾಡಲಿಲ್ಲ. ಅವಳ ಪಾಲಿಗೆ ಅದು ಹಲ್ವವೇ,
ಬೆಣ್ಣೆಕಾಗದದಲ್ಲಿ ಸುತ್ತಿದ್ದು, ದಾರ ಬಿಗಿದದ್ದು.
ನಾನು ತರ್ಜುಮೆ ಮಾಡಿದ್ದು ಅವಳನ್ನು,
ಪೊಟ್ಟಣವನ್ನಲ್ಲ.

ಗುರುವಾರ ಆಚೆಯಿಂದ ಒಂದೇ ಸಾಲಿನ ಸಂದೇಶ.
ಸಾಹೇಬರು ಬೈಯಲಿಲ್ಲ. ಹಿಡಿದದ್ದು ಅವರು, ನಮ್ಮ ಲೆಕ್ಕಕ್ಕೆ ಬಾರದು,
ಎಂದು ಚಹಾ ತರಿಸಿದರು.
ಮೇಷ್ಟ್ರ ಫೋನು ಅಂದಿನಿಂದ ಸತ್ತಿದೆ. ಮೇಷ್ಟ್ರು ಸತ್ತಿಲ್ಲ.
ನನಗೆ ಹೊಸ ಆದೇಶ: ಮೊಗ್ರಾಲಿನ ನಂಬರನ್ನು ಮೂವತ್ತು ದಿನ ಆಲಿಸುವುದು.

ಅವಳು ದಿನಕ್ಕೆ ಹತ್ತು ಸಲ ಮಗನಿಗೆ ಫೋನು ಮಾಡುತ್ತಾಳೆ.
ಅರಬ್ಬಿಯಲ್ಲಿ ಒಬ್ಬಳು, ಇಂಪಾದ ದನಿಯವಳು, ಏನೋ ಹೇಳುತ್ತಾಳೆ.
ಅದು ನನ್ನ ಆರರಲ್ಲಿಲ್ಲ. ಆದರೂ ಗೊತ್ತು.
ವಾರಿಜ ಆ ಯಂತ್ರದ ಹತ್ತಿರ, ತುಳುವಿನಲ್ಲಿ, ಮರ್ಯಾದೆಯಿಂದ,
ಎನ್ನ ಮಗೆ ಉಳ್ಳೆನಾ ಅಕ್ಕ? ಎಂದು ಕೇಳುತ್ತಾಳೆ.
ಉತ್ತರ ಬರುವಷ್ಟು ಹೊತ್ತು ಕಾಯುತ್ತಾಳೆ.
ಎಲೆ ಕತ್ತರಿಸುವ ಸದ್ದು ಇಲ್ಲ.
ಇಲ್ಲದ ಸದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಇವತ್ತು ಷರಾ ಖಾಲಿ ಬಿಟ್ಟು ಎದ್ದುಬಂದೆ.
ಬಾಗಿಲಲ್ಲೇ ಕೇಳಿದಳು, ಬಂಗುಡೆ ಹೇಗೆ?
ಕಿಲೊಗೆ ಇನ್ನೂರ ನಲವತ್ತು, ಅಂದೆ.
ಅವಳು ನನ್ನ ಕೈಯಿಂದ ಬುತ್ತಿ ತೆಗೆದುಕೊಂಡಳು.
ಒಳಗೆ ಹೋಗಿ ನೀರು ಬಿಟ್ಟು ತೊಳೆಯುತ್ತ,
ಬೆನ್ನು ಹಾಕಿಯೇ, ಮೆಲ್ಲಗೆ ಹೇಳಿದಳು:
ಇವತ್ತು ಹರತಾಳ ಅಲ್ವಾ. ಮಾರ್ಕೆಟ್ಟು ತೆರೆದೇ ಇಲ್ಲ.