ಚೀಲಕ್ಕೊಂದು ಬೀಜ

ಕಲಬುರಗಿ, ನಂದೂರಿನ ದಾಲ್ ಮಿಲ್.
ಮೂವತ್ತೆರಡು ಸಾವಿರ ದಾಟಿ ಸ್ವಲ್ಪ ಹೊತ್ತಿಗೆ
ನನ್ನ ಪ್ರೋಗ್ರಾಮು
ತೊಗರಿ ಚೀಲಗಳಿಗೆ ಮೈನಸ್ ಹಚ್ಚುತ್ತಿತ್ತು.

ಬರೆದವಳೇ ಓದಿದೆ, ಮೂರು ಸಲ.
ತಪ್ಪು ನನ್ನದೇ ಬಳಗದ್ದು,
ಸೆರಗು ಮರೆಮಾಡಿ ದಾಟಿಹೋಯಿತು.

ಕೊನೆಗೆ ಒಂದು ಉಪಕರಣಕ್ಕೆ ಒಪ್ಪಿಸಿದೆ.
ನನ್ನ ಒಂದೊಂದು ಸಾಲಿನ ಮಗ್ಗುಲಿಗೂ
ಅದು ತಾನೇ ಇನ್ನೊಂದು ಸಾಲು ಹೊಲಿಯಿತು:
“ಏನ್ ಹೊತ್ತೀದಿ? ನಿನ್ ಚೀಲದಾಗ ಎಷ್ಟ್ ಹಿಡಿತದ?”

ಹಮಾಲ ಲಾಡ್ಲೆಸಾಬ ಹಣಕಿ ನಕ್ಕ:
“ನಮ್ಮ ಮುಕದ್ದಮನೂ ಹಿಂಗೇ ನೋಡ್ರಿ,
ಚೀಲಕ್ಕೊಂದು ಹುಣಸಿಬೀಜ ಕೊಡತಿದ್ದ.”

ಕಾವಲಿನ ಭಾರಕ್ಕೆ ಪ್ರೋಗ್ರಾಮು ಏದುಸಿರು ಬಿಟ್ಟಿತು.
ಮೂರೂವರೆಗೆ ಕೂಗು ಬಂತು,
ನೂರ ಹನ್ನೆರಡನೆಯ ಸಾಲಿನಿಂದ:
ಚೀಲ ಸಣ್ಣದು, ಎಣಿಕೆ ದೊಡ್ಡದು.

ಒಂದೇ ಪದ ತಿದ್ದಿದೆ.
ಕಾವಲಿನವರನ್ನೆಲ್ಲ ಮನೆಗೆ ಕಳಿಸಿದೆ.

ಲಾಡ್ಲೆಸಾಬ ಮುಂದಿನ ಚೀಲ ಹೊತ್ತು ಹೊರಟ.
ಜೇಬಿನಲ್ಲಿ
ಇನ್ನೂ ಗಲಗಲ.