ಮೂರನೇ ಗುಂಡಿ

ಹೆಸರು ಚೋಂದಮ್ಮ. ಕಸುಬು ಹೊಲಿಗೆ.
ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದೆ, ಹಂದಿಮಾಂಸದಂಗಡಿಯ ಮಗ್ಗುಲಿಗೆ
ಒಂದೇ ಬಾಗಿಲಿನ ಮಳಿಗೆ.
ಸತ್ಯವನ್ನೇ ಹೇಳುತ್ತೇನೆ ಸ್ವಾಮಿ. ಅಳತೆ ತಪ್ಪಿದರೆ
ಬಟ್ಟೆ ನಾನೇ ಕೊಡಬೇಕಾದವಳು,
ಸುಳ್ಳು ನನಗೆ ದುಬಾರಿ.

ಹೌದು, ಈ ಮೂವರೂ ನನ್ನ ಗಿರಾಕಿಗಳೇ.
ದಿಲನ್, ಶಫೀರ್, ದೇವರಪುರದ ಚುಬ್ರುವಿನ ಮಗ ಬೊಳಕ.
ಸೊಂಟ ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಮೂವತ್ತು.
ಮದುವೆಯಾದ ಮೇಲೆ ಬೊಳಕನದು ಮೂವತ್ತೊಂದು.
ರೆಸಾರ್ಟಿನಲ್ಲಿ ಮದುವಣಗಿತ್ತಿಯ ಗೆಳತಿಯರ ಮುಂದೆ
ಇವರು ಕುಣಿಯುತ್ತಾರೆ. ಕುಣಿಯುತ್ತ ಬಿಚ್ಚುತ್ತಾರೆ.
ಆ ಬಿಚ್ಚುವ ಪ್ಯಾಂಟು ನನ್ನ ಕೈಕೆಲಸ:
ಎರಡೂ ಬದಿಗೆ ಹೊಲಿಗೆಯಿಲ್ಲ, ಅಂಟುಪಟ್ಟಿ;
ಎಳೆದರೆ ಕಿತ್ತಳೆ ಸಿಪ್ಪೆಯ ಹಾಗೆ ಸಲೀಸಾಗಿ ಬರಬೇಕು,
ಎಳೆಯುವ ತನಕ, ಎಷ್ಟು ಜಿಗಿದರೂ, ಬರಬಾರದು.
ಮದುವೆ ರವಿಕೆಗಿಂತ ಕಷ್ಟ.

ಒಮ್ಮೆ ಬಂದು, ಕುಪ್ಯವನ್ನೇ ಹಾಗೆ ಹೊಲಿದುಕೊಡಿ ಅಂದರು.
ಅದೊಂದು ಬೇಡ ಅಂದೆ.
ನಮ್ಮಪ್ಪನನ್ನು ಕಳಿಸಿದ್ದು ಅದರಲ್ಲೇ.
ಮುಖ ಸಪ್ಪೆ ಮಾಡಿ ಹೋದರು, ಮತ್ತೆ ಕೇಳಲಿಲ್ಲ.
ಇದನ್ನೂ ಬರೆದುಕೊಳ್ಳಿ.

ಈಗ ಪಂಚಾಯ್ತಿ ನಿರ್ಣಯ, ಗೋಡೆಗೆ ಅಂಟಿಸಿದ್ದು:
‘ಗಂಡಸು ಕೂಲಿಗಾಗಿ ಕುಣಿದಲ್ಲಿ
ಅಂಗಿಯ ಮೂರನೇ ಗುಂಡಿಯಿಂದ ಕೆಳಗೆ ಬಿಚ್ಚತಕ್ಕದ್ದಲ್ಲ.
ನೋಡುಗರಿಂದ ಆರು ಅಡಿ ದೂರವಿರತಕ್ಕದ್ದು.’
ತಪ್ಪಿದರೆ ದಂಡ ಐದು ಸಾವಿರ, ಕುಣಿದವನಿಗೆ.
ಕರೆಸಿದ ರೆಸಾರ್ಟಿಗೆ ಒಂದು ತಿಳುವಳಿಕೆ ಪತ್ರ.

ಮೂರನೇ ಗುಂಡಿ ಎಲ್ಲಿ ಬರುತ್ತದಮ್ಮ, ಎಂದರು ವಕೀಲರು.
ಎಲ್ಲಿ ಹಾಕಿದರೆ ಅಲ್ಲಿ, ಅಂದೆ.
ಕೋರ್ಟು ನಕ್ಕಿತು. ನಾನು ನಗಿಸಲು ಹೇಳಿದ್ದಲ್ಲ.
ಕಾಲರಿನಿಂದ ಎಣಿಸುವುದೋ, ಎದೆಯಿಂದಲೋ?
ಜುಬ್ಬಕ್ಕಿರುವುದೇ ಮೂರು. ಬನಿಯನ್ನಿಗೆ ಒಂದೂ ಇಲ್ಲ.
ಕಾಫಿ ಕಣದಲ್ಲಿ ಬರಿಮೈಯಲ್ಲಿ ಮೂಟೆ ಹೊರುವವನಿದ್ದಾನಲ್ಲ,
ಅವನೂ ಕೂಲಿಗೇ ತಾನೆ ಅಂಗಿ ಬಿಚ್ಚಿದ್ದು?

ಬೊಳಕನನ್ನು ನಾನು ಮೊದಲು ಕಂಡದ್ದು ಬೋಡ್‌ನಮ್ಮೆಯಲ್ಲಿ.
ಹನ್ನೆರಡರ ಹುಡುಗ. ನನ್ನ ಹಳೇ ಲಂಗ ಬೇಡಿ ತೊಟ್ಟು,
ಮುಖಕ್ಕೆ ಮಸಿ ಬಳಿದು, ಕೈಯಲ್ಲಿ ಸೋರೆಬುರುಡೆ ಬಡಿಯುತ್ತ
ಕುಂಡೆ ಕುಂಡೆ ಎಂದು ಮೊದಲು ದೇವರನ್ನೇ ಬೈದು
ಆಮೇಲೆ ತೋಟದ ಸಾವ್ಕಾರರ ಜೀಪು ಅಡ್ಡಗಟ್ಟಿ
ಅವರ ಅಪ್ಪ-ಅಜ್ಜಂದಿರನ್ನೆಲ್ಲ ಹರಾಜು ಹಾಕಿ
ಹತ್ತು ರೂಪಾಯಿ ಕಿತ್ತಿದ್ದ.
ಸಾವ್ಕಾರರು ನಕ್ಕರು. ಪೊಲೀಸಪ್ಪನೂ ಚಿಲ್ಲರೆ ಕೊಟ್ಟ.
ವರ್ಷಕ್ಕೊಂದು ದಿನ ದೇವರು ಕೊಟ್ಟ ರಜೆ ಅದು,
ಮರುದಿನ ಅದೇ ತೋಟ, ಅದೇ ಬಗ್ಗಿದ ಬೆನ್ನು.
ಹುಡುಗ ಈಗ ಕೇಳುತ್ತಿರುವುದು ಮಿಕ್ಕ ದಿನಗಳನ್ನು,
ರಸೀದಿ ಸಮೇತ.

ನಿಮಗೆ ನಾಚಿಕೆಯಾಗುವುದಿಲ್ಲವೇ, ಎಂದರು ಎದುರು ವಕೀಲರು.
ಆಗುತ್ತದೆ. ಒಂದು ಸಲ ಅಳತೆ ನೋಡುವಾಗ
ಪ್ಯಾಂಟು ತಾನಾಗಿ ಕಳಚಿ ಶಫೀರ್ ಪರದೆಯ ಹಿಂದಕ್ಕೋಡಿದ.
ಕಂಡಷ್ಟು ಕಂಡೆ: ಮೊಣಕಾಲಿಗೆ ನೋವಿನೆಣ್ಣೆ,
ಬೆನ್ನ ತುಂಬ ಯಾರದೋ ಉಗುರಿನ ಗೀರು.
ಆರು ಅಡಿಯ ಮಾತನ್ನು ಯಾರಿಗೆ ಹೇಳಬೇಕಿತ್ತು
ಅಂತ ಆವತ್ತು ನಾಚಿಕೆಯಾಯಿತು.

ಮುಂದಿನ ತಾರೀಖು ಹದಿನೆಂಟು.
ಪ್ಯಾಂಟಿಗೆ ಚೀಟಿ ಕಟ್ಟಿ ಸಾಕ್ಷ್ಯವೆಂದು ಇಟ್ಟುಕೊಂಡರು.
ಗುಮಾಸ್ತ ಮಡಿಸಲು ಹೋದ, ಬದಿ ಬಿಟ್ಟಿತು ಚರ್ರನೆ.
ಒತ್ತಿದ. ಎಳೆದ.
ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೊಮ್ಮೆ ಎಳೆದ.

ನಾನು ಹೊರಡಲೇ ಸ್ವಾಮಿ?
ಶನಿವಾರಕ್ಕೆ ಇನ್ನೊಂದು ಬೇಕಂತೆ ಬೊಳಕನಿಗೆ.
ಬಟ್ಟೆ ಕಪ್ಪು. ಸೊಂಟ ಮೂವತ್ತೊಂದು.