ಇಲ್ಲಡ್

ಲಾಲ್‌ಬಾಗಿನ ಪಾಲಿಕೆ ಕಟ್ಟಡ, ನೆಲಮಹಡಿ.
ಮೂರು ಫೋನು, ಒಂದು ವೈರ್‌ಲೆಸ್,
ಗೋಡೆಗೆ ಊರಿನ ನಕ್ಷೆ. ಅದರಲ್ಲಿ
ಕುಷ್ಟಗಿಯಿಂದ ಬಂದ ನನಗೆ
ಗುರುತು ಹತ್ತಿದ್ದು ಸಮುದ್ರ ಮಾತ್ರ.

ನಕ್ಷೆಯಲ್ಲಿರುವ ಊರಿನಿಂದ ಯಾರೂ ಫೋನು ಮಾಡುವುದಿಲ್ಲ.
"ಮೊದಲು ಟಾಕೀಸು ಇತ್ತಲ್ಲ, ಅದರ ಎದುರು."
"ಸೋಜರ ಬೇಕರಿಯಿಂದ ಕೆಳಗೆ, ಜಾರಿನಲ್ಲಿ."
"ದೈವಸ್ಥಾನ ಗೊತ್ತುಂಟಲ್ಲ? ಗೊತ್ತಿಲ್ವಾ?
ನೀವು ಎಲ್ಲಿಯವರು ಮಾರಾಯ್ರೆ?"
ಹೋದ ವರ್ಷ ಬಿದ್ದ ಹಲಸಿನ ಮರ
ಈ ವರ್ಷವೂ ಒಬ್ಬರ ಮನೆಗೆ ಗುರುತು.

ವೆಲೇರಿಯನ್ ಸರ್ ರಿಜಿಸ್ಟರಿನ ಹಿಂಪುಟದಲ್ಲಿ
ಮದ್ದಿನ ಚೀಟಿಯ ಹಾಗೆ ತುಳು ಬರೆದುಕೊಟ್ಟರು:
ತೂ ಅಂದರೆ ಬೆಂಕಿ. ತೂಲ ಅಂದರೆ ನೋಡು.
ಗುವೆಲ್ ಅಂದರೆ ಬಾವಿ.
ಪೋಡ್ಯೊಡ್ಚಿ ಅಂದರೆ ಹೆದರಬೇಡಿ,
ಇದನ್ನು ಮೊದಲೂ ಹೇಳಬೇಕು, ಕೊನೆಗೂ.
ಉಳಿದವರು ಒಂದು ಭಾಷೆಯನ್ನು
ಊಟದಿಂದ ಕಲಿಯುತ್ತಾರೆ, ಬೈಗುಳದಿಂದ ಕಲಿಯುತ್ತಾರೆ.
ನಾನು ಕಲಿತದ್ದು ಕೂಗಿನಿಂದ.
ತುಳುವಿನಲ್ಲಿ ಬಂಗುಡೆಗೆ ಚೌಕಾಶಿ ಮಾಡಲು ಇನ್ನೂ ಬಾರದು,
ಹಗ್ಗ ಇಳಿಸಿ ಅನ್ನಲು ಬರುತ್ತದೆ.

ಆ ಚೀಟಿಯಲ್ಲಿ ಒಂದು ಮಾತು ಬಿಟ್ಟುಹೋಗಿತ್ತು.

ರಾತ್ರಿ ಎರಡು ಹನ್ನೆರಡು. ಹುಡುಗನ ದನಿ.
ಅಜ್ಜಿ. ಗುವೆಲ್. ಬೂರಿಯೆರ್.
ಇಷ್ಟು ತಿಳಿಯಿತು.
ಓಲು? ಅಂದೆ.
ಇಲ್ಲಡ್, ಅಂದ.
ಎಲ್ಲಿ, ಮಗಾ, ಓಲು?
ಇಲ್ಲಡ್. ಇಲ್ಲಡ್.

ಶಾಲೆಯ ಕನ್ನಡ ಆ ಹೊತ್ತಿನಲ್ಲಿ ಅವನ ಬಾಯಿಗೆ ಬರಲಿಲ್ಲ,
ನನ್ನ ಕಿವಿಗೆ ಕನ್ನಡ ಬಿಟ್ಟು ಬೇರೆ ಬರಲಿಲ್ಲ.
ಇಲ್ಲ ಅನ್ನುತ್ತಿದ್ದಾನೆ:
ಅಜ್ಜಿ ಇಲ್ಲ, ಬಾವಿ ಇಲ್ಲ, ಎಂಥದೂ ಇಲ್ಲ.
ತಮಾಷೆಯ ಕರೆಗಳು ರಾತ್ರಿಗೆ ಹತ್ತಾದರೂ ಬರುತ್ತವೆ.
ಇಲ್ಲಾಂದ್ರ ಯಾಕ ಫೋನ್ ಹಚ್ಚಿದಿ? ಗದರಿದೆ.
ಅವನು ಅಳಲಿಲ್ಲ.
ನಾನೇ ಸಣ್ಣವಳೆಂಬಂತೆ, ನನಗೆ ಅರ್ಥವಾಗಲೆಂದು
ಬಿಡಿಸಿ ಬಿಡಿಸಿ ಹೇಳಿದ:
ಇಲ್.
ಲ.
ಡ್.

ಚಾ ಹಿಡಿದು ಬಂದ ವೆಲೇರಿಯನ್ ಸರ್
ಲೋಟ ಬಿಟ್ಟು ಫೋನು ಕಸಿದುಕೊಂಡರು.
"ಇಲ್ಲ್ ಅಂದರೆ ಮನೆ, ನೀಲಗಂಗಾ.
ಮನೆಯಲ್ಲಿ ಅಂತಿದ್ದಾನೆ ಅವನು."

ನಾಲ್ಕು ನಿಮಿಷ.

ಕದ್ರಿಯಿಂದ ಗಾಡಿ ಹೊರಟಿತು. ಮರೋಳಿ, ಮೈದಾನದ ಹಿಂದೆ.
ಎರಡು ಐವತ್ತಕ್ಕೆ ವೈರ್‌ಲೆಸ್ ಕೆಮ್ಮಿತು:
"ಮೇಲೆ ತಂದೆವು. ಓವರ್."
ಹೇಗೆ ತಂದಿರಿ ಎಂದು ಕೇಳಲು
ನಮ್ಮ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ವಿಳಂಬಕ್ಕೆ ಕಾರಣ ಎಂಬ ಕಾಲಂ ಇದೆ.
ಬರೆದೆ: ವಿಳಾಸ ಸ್ಪಷ್ಟವಿರಲಿಲ್ಲ.
ಅದಕ್ಕಿಂತ ಸ್ಪಷ್ಟವಾದ ವಿಳಾಸವನ್ನು
ಈ ತನಕ ನನಗೆ ಯಾರೂ ಕೊಟ್ಟಿಲ್ಲ.

ರಜೆಯ ದಿನ ಬಸ್ಸು ಹತ್ತಿ ಹೋದೆ.
ಬಾವಿಗೆ ಹೊಸ ಹಸಿರು ಬಲೆ ಬಿಗಿದಿದ್ದರು.
ಅಂಗಳದಲ್ಲಿ ಹುಡುಗನೊಬ್ಬ ಚೆಂಡು ಕಚ್ಚಿಕೊಂಡ ನಾಯಿಗೆ
ಜೋರು ಮಾಡುತ್ತಿದ್ದ. ದನಿ ಗುರುತಾಯಿತು.
ನನ್ನದೂ ಅವನಿಗೆ ಗುರುತಾದೀತೆಂದು
ಬಾಯಿ ತೆರೆಯಲಿಲ್ಲ.
ತಂತಿಯ ಮೇಲೆ ಒಂದು ಹಳೆಯ ಸೀರೆ,
ಆಗಷ್ಟೇ ಹಿಂಡಿದ್ದು, ಅಂಚಿನಿಂದ ತೊಟ್ಟಿಕ್ಕುತ್ತಿತ್ತು.
ಸೀರೆಯನ್ನು ಯಾರು ಬೇಕಾದರೂ ಉಡಬಹುದು.
ಆದರೂ ಅಷ್ಟು ಹೊತ್ತು ನಿಂತು
ಅದನ್ನೇ ನೋಡಿಕೊಂಡು ಬಂದೆ.

ಇವತ್ತು ಬೆಳಗಿನ ಐದಕ್ಕೊಂದು ಕರೆ.
ಬೆಂಕಿಯಲ್ಲ, ಬಾವಿಯಲ್ಲ.
"ಬಿಜೈಯಲ್ಲಿ ಇವತ್ತು ನೀರು ಉಂಟಾ?"
ಇದು ತುರ್ತು ನಂಬರು ಅಮ್ಮಾ, ಅನ್ನಬೇಕು. ನಿಯಮ.
ಅವಳ ಹಿಂದೆ ಖಾಲಿ ಬಕೆಟ್ಟು ಎಳೆದ ಸದ್ದು,
ಯಾರೋ ಮಗುವನ್ನು ಎಬ್ಬಿಸುತ್ತಿದ್ದರು.
ತುಂಬೆಯ ಪಂಪಿನ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಿದೆ.
ನನ್ನೂರಲ್ಲಿ ಐತಿ ಅನ್ನುತ್ತೇವೆ. ನಾಲಿಗೆ ಅಲ್ಲಿಗೇ ಹೊರಟಿತ್ತು,
ನಡುದಾರಿಯಲ್ಲಿ ತಿರುಗಿತು.

ಉಂಟು, ಅಂದೆ.